ಕಂಬಳಿಯ ಬಾಕಿ

ಚೌಕಾಶಿ ಮಾಡುವುದರಲ್ಲಿ ನಾನು ಗಟ್ಟಿಗಿತ್ತಿ ಎಂದು ನಮ್ಮ ಬೀದಿಯಲ್ಲೆಲ್ಲ ಹೆಸರಿತ್ತು. ಸೊಪ್ಪಿನವಳಿಂದ ಹಿಡಿದು ಸ್ಟೀಲ್ ಪಾತ್ರೆಯವನವರೆಗೆ ಯಾರು ಬಂದರೂ ಅಕ್ಕಪಕ್ಕದ ಮನೆಯವರು ಮೊದಲು ನನ್ನನ್ನು ಕೂಗುತ್ತಿದ್ದರು. ನಾನು ಇಳಿಸಿದ ಬೆಲೆಗೆ ಅವರೂ ಕೊಳ್ಳುತ್ತಿದ್ದರು. ಇದರಲ್ಲಿ ನನಗೆ ಸಣ್ಣ ಹೆಮ್ಮೆಯೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

1994ರ ಕಾರ್ತಿಕ ಮಾಸದ ಒಂದು ಬೆಳಗ್ಗೆ ರಾಮನಗರದ ನಮ್ಮ ಮನೆಯ ಜಗಲಿಯ ಮೇಲೆ ಕಂಬಳಿ ಮಾರುವ ಮುದುಕರೊಬ್ಬರು ಹೆಗಲ ಹೊರೆ ಇಳಿಸಿ ಕುಳಿತರು. ಚಳ್ಳಕೆರೆ ಕಡೆಯವರು. ಕೇಳಿದ ನೀರು ಕುಡಿದು, ಹೊರೆ ಬಿಚ್ಚಿ, ಒಂದು ಹಾಸುಗಂಬಳಿಯನ್ನು ಜಗಲಿಯ ಉದ್ದಕ್ಕೂ ಹರಡಿದರು. ಕಪ್ಪು ಎಂದರೆ ಅಚ್ಚ ಕಪ್ಪಲ್ಲ. ಬಿಸಿಲಿಗೆ ಹಿಡಿದರೆ ಒಳಗೆಲ್ಲೋ ಕಂದು ಛಾಯೆ ಇಣುಕುತ್ತಿತ್ತು.

"ಬಣ್ಣ ಹಾಕಿದ್ದಲ್ಲ ತಾಯಿ, ಕುರಿ ಮೈಮೇಲಿದ್ದ ಬಣ್ಣವೇ ಇದು" ಎಂದರು.

"ಎಷ್ಟು ಯಜಮಾನ್ರೇ?"

"ಮುನ್ನೂರಿಪ್ಪತ್ತು."

ನಾನು ಇನ್ನೂರು ಎಂದೆ. ಅವರು ನಕ್ಕರು. ಆಮೇಲೆ ಕಂಬಳಿ ನೋಡುವುದು ಹೇಗೆಂದು ನನಗೆ ಪಾಠ ಹೇಳಿದರು. ಬೆಲೆ ಏರಿಸಲು ಹೇಳುತ್ತಿದ್ದಾರೆ ಎಂದುಕೊಂಡೆ; ಆದರೂ ಕಿವಿಗೊಟ್ಟೆ. ಅದರಲ್ಲಿ ಹುಸಿ ಒಂದೂ ಇರಲಿಲ್ಲವೆಂದು ಮುಂದೆ ಗೊತ್ತಾಯಿತು.

ಮೊದಲು ಕಂಬಳಿಯನ್ನು ಬೆಳಕಿಗೆ ಎತ್ತಿ ಹಿಡಿಯಬೇಕು. ಎಲ್ಲ ಕಡೆ ಒಂದೇ ಹದದಲ್ಲಿ ಬೆಳಕು ಸೋಸಿದರೆ ನೇಯ್ಗೆ ಸರಿ; ಒಂದು ಕಡೆ ಕತ್ತಲೆ, ಒಂದು ಕಡೆ ಜರಡಿ ಆದರೆ ಬೇಡ. ನೂಲನ್ನು ಹತ್ತಿರದಿಂದ ನೋಡಬೇಕು. ಕೈಯಲ್ಲಿ ನೂತದ್ದಾದರೆ ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ತೆಳು ಇರುತ್ತದೆ. ಅದು ಕುಂದಲ್ಲ, ಕೈಯ ಗುರುತು. ಅಂಚಿನಿಂದ ಒಂದೆಳೆ ಕಿತ್ತು ಬೆಂಕಿಗೆ ಹಿಡಿಯಬೇಕು. ಉಣ್ಣೆಯಾದರೆ ತಲೆಗೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದ ಕೂಡಲೇ ಆರುತ್ತದೆ, ಬೂದಿ ಬೆರಳಿಗೆ ಪುಡಿಯಾಗುತ್ತದೆ. ಕರಗಿ ಗಟ್ಟಿ ಮಣಿಯಾದರೆ ಅದು ಕಾರ್ಖಾನೆಯ ನೂಲು. ಕೊನೆಯದಾಗಿ, ಹೊಸ ಕಂಬಳಿ ಬಿರುಸಾಗಿದೆಯೆಂದು ಮುಖ ಸಿಂಡರಿಸಬಾರದು. ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ. ಬಳಸುತ್ತ ಬಳಸುತ್ತ ಅದು ಬಿಟ್ಟುಕೊಂಡು ಕಂಬಳಿ ಮೆತ್ತಗಾಗುತ್ತದೆ.

ಅರ್ಧ ಗಂಟೆ ಎಳೆದಾಡಿ 240 ರೂಪಾಯಿಗೆ ನಿಂತಿತು. ಅವರು ನೋಟುಗಳನ್ನು ಎಣಿಸಿ ಒಳಜೇಬಿಗೆ ಸೇರಿಸಿ, "ಆಯ್ತು ತಾಯಿ, ನಿಮ್ಮ ದುಡ್ಡು ಬಂತು. ಬಾಕಿ ನಿಮ್ಮ ಕೈಲಿದೆ. ಹಾಸಿ, ಹೊದೀರಿ. ಕಟ್ಟಿ ಮಾತ್ರ ಇಡಬೇಡಿ" ಎಂದರು.

ನಾನು ಇಳಿಸಿದ ಎಂಬತ್ತು ರೂಪಾಯಿಯನ್ನೇ ಚುಚ್ಚಿ ಹೇಳುತ್ತಿದ್ದಾರೆ ಎಂದುಕೊಂಡು ನಕ್ಕು ಒಳಗೆ ಹೋದೆ.

ಕಟ್ಟಿ ಇಡಬೇಡಿ ಎಂದರಲ್ಲ, ನಾನು ಮಾಡಿದ್ದು ಅದನ್ನೇ. ನಮ್ಮ ಕಡೆ ಕೆಲವು ಮನೆತನಗಳಲ್ಲಿ ಮದುವೆಗೆ ಕರಿಕಂಬಳಿಯ ಗದ್ದಿಗೆ ಹಾಕುವ ಪದ್ಧತಿ ಉಂಟು. ಕಂಬಳಿ ಮಡಿಸಿ ಹಾಸಿ, ಮೇಲೆ ಮಡಿವಸ್ತ್ರ ಹರಡಿ ಹೆಣ್ಣುಗಂಡನ್ನು ಕೂರಿಸುತ್ತಾರೆ. ನನ್ನ ಮಗಳು ಆಗ ಎರಡನೇ ತರಗತಿ. ಆದರೇನು, ಹೆಣ್ಣು ಹೆತ್ತವಳು ಚಮಚದಿಂದ ಹಿಡಿದು ಕೊಳದಪ್ಪಲೆಯವರೆಗೆ ಕೂಡಿಡುತ್ತಲೇ ಇರುತ್ತಾಳೆ. ಹಳೆಯ ಸೀರೆಯೊಂದರಲ್ಲಿ ಕಂಬಳಿಯನ್ನು ಸುತ್ತಿ, ನಾಲ್ಕು ನುಸಿಗುಳಿಗೆ ಹಾಕಿ, ಟ್ರಂಕಿನ ತಳಕ್ಕೆ ಸೇರಿಸಿದೆ.

ಆ ಮೇಲಿನ ಎರಡನೆಯ ಚಳಿಗಾಲದಲ್ಲಿ ನಮ್ಮ ಅತ್ತೆ ನನ್ನನ್ನು ಒಂದು ಮಾತು ಕೇಳಿದರು. ಅತ್ತೆ ಕನಕಪುರದ ಹತ್ತಿರದ ಹಳ್ಳಿಯವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ರಾಮನಗರಕ್ಕೆ ಬಂದಿದ್ದರು. ಬರುವಾಗ ಒಂದು ಹಿತ್ತಾಳೆ ಚೊಂಬು, ಒಂದು ಕಂಬಳಿ ತಂದಿದ್ದರು. ಬಂಡೆಗಳ ನಡುವಿನ ನಮ್ಮ ಊರಿನಲ್ಲಿ ಧನುರ್ಮಾಸದ ಬೆಳಗಿನ ಚಳಿ ನಿಮಗೆ ಗೊತ್ತಿರಬಹುದು. ಮನೆಗೆಲ್ಲ ಕೆಂಪು ಸಿಮೆಂಟಿನ ನೆಲ. ಅತ್ತೆ ಮಂಚ ಒಲ್ಲರು, ನೆಲದ ಮೇಲೇ ಮಲಗುವರು.

"ಆ ಹೊಸ ಕಂಬಳಿ ಕೊಡವ್ವ, ಕೆಳಗೆ ಹಾಸ್ಕೊತೀನಿ. ನಂದನ್ನ ಹೊದ್ಕೊತೀನಿ. ಸೊಂಟ ಸೇದುತ್ತೆ" ಎಂದರು.

ನಾನು ಇಲ್ಲ ಎನ್ನಲಿಲ್ಲ. ಇಲ್ಲ ಎನ್ನುವುದು ಸೊಸೆಯಾದವಳಿಗೆ ಚೆಂದವೇ? "ಅದು ನಿಮ್ಮ ಮೊಮ್ಮಗಳ ಗದ್ದಿಗೇಗೆ ಅಂತ ಇಟ್ಟಿದ್ದೀನಿ ಅತ್ತೆ, ಮಾಸಿ ಹೋಗುತ್ತೆ. ನಿಮಗೆ ಬೇರೆ ತರಿಸಿಕೊಡ್ತೀನಿ" ಎಂದೆ. ಮೊಮ್ಮಗಳ ಹೆಸರು ಹೇಳಿದ ಮೇಲೆ ಯಾವ ಅಜ್ಜಿ ತಾನೆ ಮಾತಾಡುತ್ತಾಳೆ? "ಹಂಗಾದ್ರೆ ಇರ್ಲಿ ಬಿಡು" ಎಂದು ಸುಮ್ಮನಾದರು. ಆ ವಾರ ಅಂಗಡಿಯಿಂದ ಹೂವಿನ ಚಿತ್ರದ ನುಣುಪು ಬ್ಲಾಂಕೆಟ್ ಒಂದು ಬಂತು. ಅದು ಸಿಮೆಂಟಿನ ನೆಲದ ಮೇಲೆ ಜಾರುತ್ತಿತ್ತು. ಅತ್ತೆ ಅದನ್ನು ಮಡಿಸಿ ತಲೆದಿಂಬು ಮಾಡಿಕೊಂಡರು. ಮತ್ತೆಂದೂ ಕೇಳಲಿಲ್ಲ.

ಅತ್ತೆ 2009ರಲ್ಲಿ ತೀರಿಕೊಂಡರು. ಮಗಳ ಮದುವೆ 2012ರಲ್ಲಿ ಆಯಿತು. ಚಪ್ಪರದ ಹಿಂದಿನ ವಾರ ಟ್ರಂಕು ಇಳಿಸಿ ಗಂಟು ಬಿಚ್ಚಿದೆ. ಮೊದಲೆರಡು ವರ್ಷ ನುಸಿಗುಳಿಗೆ ಬದಲಿಸಿದ್ದವಳು ಆಮೇಲೆ ಮರೆತಿದ್ದೆ. ಸೀರೆಯ ಮಡಿಕೆಯೊಳಗಿಂದ ಕಂಬಳಿ ಎತ್ತಿದರೆ ಕೈಗೆ ಬಂದದ್ದು ಒಂದು ತುಂಡು. ಉಳಿದದ್ದು ಬಲೆ. ಮಡಿಕೆ ಮಡಿಕೆಗೂ ತೂತು, ತಳದಲ್ಲಿ ಮರಳಿನಂಥ ಪುಡಿ, ಅಕ್ಕಿಕಾಳಿನಷ್ಟುದ್ದದ ಒಣ ಗೂಡುಗಳು. ಹಾರುವ ಸಣ್ಣ ಪತಂಗ ಉಣ್ಣೆ ತಿನ್ನುವುದಿಲ್ಲವಂತೆ. ಅದು ಇಟ್ಟ ಮೊಟ್ಟೆಯಿಂದ ಬರುವ ಮರಿಹುಳು ತಿನ್ನುತ್ತದೆ. ಅದಕ್ಕೆ ಬೇಕಾದದ್ದು ಕತ್ತಲೆ ಮತ್ತು ಯಾರೂ ಮುಟ್ಟದ ನೆಮ್ಮದಿ. ಎರಡನ್ನೂ ಹದಿನೆಂಟು ವರ್ಷ ಒದಗಿಸಿದವಳು ನಾನೇ.

ಮಗಳ ಗದ್ದಿಗೆಗೆ ಏನು ಹಾಸುವುದು? ಮನೆಯಲ್ಲಿದ್ದ ಇನ್ನೊಂದು ಕಂಬಳಿ ಅತ್ತೆಯದು. ಅವರ ಮದುವೆಯಲ್ಲಿ, ಅಂದರೆ ಅರವತ್ತು ವರ್ಷಗಳ ಹಿಂದೆ, ಊರಿನ ಕುರುಬರ ಮನೆಯಲ್ಲಿ ರಾಗಿ ಕೊಟ್ಟು ನೇಯಿಸಿದ್ದು. ಅದರ ಮೇಲೆ ಬಾಣಂತನ ಆಗಿದೆ, ಮಕ್ಕಳು ಉಚ್ಚೆ ಹೊಯ್ದಿವೆ, ಮಾವ ಮಳೆಯಲ್ಲಿ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋಗಿದ್ದಾರೆ, ಹಬ್ಬದಲ್ಲಿ ನೆಂಟರು ಎಲೆ ಅಡಿಕೆ ಮೆಲ್ಲುತ್ತ ಕುಳಿತಿದ್ದಾರೆ. ಅಂಚು ಜೂಲುಜೂಲಾಗಿ ಎರಡು ಕಡೆ ತೇಪೆ ಬಿದ್ದಿತ್ತು. ತೂತು ಒಂದೂ ಇರಲಿಲ್ಲ. ಹಿರಿಯರೊಬ್ಬರನ್ನು ಕೇಳಿದೆ. "ತೇಪೆ ಇದ್ರೇನವ್ವ, ಮೇಲೆ ಮಡಿ ಹಾಸಲ್ವಾ?" ಎಂದರು. ಹಾಗೆ ನನ್ನ ಮಗಳು ಅಜ್ಜಿಯ ಕಂಬಳಿಯ ಮೇಲೆ ಕುಳಿತು ಧಾರೆ ಎರೆಸಿಕೊಂಡಳು. ಅಕ್ಷತೆ ಹಾಕುವಾಗ ನಾನು ಅತ್ತದ್ದಕ್ಕೆ ಎಲ್ಲರೂ ಒಂದೇ ಕಾರಣ ತಿಳಿದುಕೊಂಡರು.

ಮದುವೆಯ ಗದ್ದಲ ಮುಗಿದ ಮೇಲೆ ನನ್ನನ್ನು ಕಾಡಿದ ಪ್ರಶ್ನೆ ಇದು: ದುಡ್ಡು ಕೊಟ್ಟು ತಂದ ವಸ್ತುವನ್ನು ಹಾಳು ಮಾಡಿದರೆ ನಾನು ಯಾರಿಗಾದರೂ ಅನ್ಯಾಯ ಮಾಡಿದಂತಾಗುತ್ತದೆಯೇ?

ನಮ್ಮ ಯಜಮಾನರನ್ನು ಕೇಳಿದೆ. ಅವರು ಲೆಕ್ಕದ ಮನುಷ್ಯ. "ಯಾರಿಗೆ ಅನ್ಯಾಯ? ಅವನು ಕೇಳಿದ, ನೀನು ಕೊಟ್ಟೆ. ಒಪ್ಪಿ ತಾನೆ ಮಾರಿದ್ದು? ನೋಡಿದರೆ ನಿನ್ನ ಕಂಬಳಿ ಹಾಳಾದಷ್ಟೂ ನೇಕಾರನಿಗೆ ಲಾಭ, ಇನ್ನೊಂದು ಮಾರಬಹುದಲ್ಲ" ಎಂದರು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಒಂದು ಮನೆಯಲ್ಲಿ ಊಟಕ್ಕೆ ಕುಳಿತು, ಬಡಿಸಿದ್ದನ್ನೆಲ್ಲ ಎಲೆಯಲ್ಲೇ ಬಿಟ್ಟು ಎದ್ದರೆ ಅಡುಗೆ ಮಾಡಿದವಳಿಗೆ ಏನಾಗುತ್ತದೆ? ಹೋಟೆಲಿನಲ್ಲಿ ಬಿಲ್ಲು ಕೊಟ್ಟೇ ಬಿಟ್ಟು ಬಂದರೂ ಒಳಗೆ ಒಂದು ಮುಳ್ಳು ಚುಚ್ಚುತ್ತದಲ್ಲ, ಅದು ಯಾವ ಲೆಕ್ಕದ್ದು?

ಆ ಮುಳ್ಳಿನ ಮೂಲ ಹುಡುಕಲು ಕಂಬಳಿ ಹೇಗಾಗುತ್ತದೆ ಎಂದು ನೋಡಬೇಕು. ಕುರಿಯ ಉಣ್ಣೆಯನ್ನು ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಒಂದು ಕುರಿಯಿಂದ ಒಂದು ಸಲಕ್ಕೆ ಸಿಗುವುದು ಕೆಲವು ನೂರು ಗ್ರಾಂ ಅಷ್ಟೇ. ಆದ್ದರಿಂದ ಒಂದು ಕಂಬಳಿ ಎಂದರೆ ಹಲವು ಕುರಿಗಳ ಮೈಯ ಬೆಚ್ಚಗೆ. ನಮ್ಮ ಕಡೆಯ ಬನ್ನೂರು ಕುರಿ ಮಾಂಸಕ್ಕೆ ಹೆಸರಾದದ್ದು. ಕಂಬಳಿಗೆ ಬೇಕಾದ ಉಣ್ಣೆ ಡೆಕ್ಕನಿ ಕುರಿಯದು. ಅದಕ್ಕೇ ಚಳ್ಳಕೆರೆ, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಮುಂತಾದ ಕುರಿ ಸೀಮೆಯ ಊರುಗಳು ಕಂಬಳಿಗೆ ಹೆಸರಾಗಿವೆ. ಕತ್ತರಿಸಿದ ಉಣ್ಣೆಯ ಕಸಕಡ್ಡಿ ಆರಿಸಿ, ಬಿಲ್ಲಿನಿಂದ ಹಿಂಜಿ, ರಾಟೆಯಲ್ಲಿ ನೂಲುತ್ತಾರೆ. ಈ ನೂಲುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಅಡುಗೆ ಮುಗಿಸಿ, ಮಗು ಮಲಗಿಸಿ, ಸಿಕ್ಕ ಹೊತ್ತಿನಲ್ಲಿ ತಿರುಗಿಸುವ ರಾಟೆ. ಆಮೇಲೆ ಹಾಸುನೂಲಿಗೆ ಹುಣಸೆ ಬೀಜದ ಗಂಜಿ ಬಳಿದು ಒಣಗಿಸಿ, ಗುಂಡಿಮಗ್ಗದಲ್ಲಿ ಕುಳಿತು ನೇಯುತ್ತಾರೆ.

ಇಷ್ಟೂ ದಿನಗಳಿಗೆ ನಾನು ಕೊಟ್ಟದ್ದು 240 ರೂಪಾಯಿ. ಸರಿ, ಮುನ್ನೂರಿಪ್ಪತ್ತೇ ಕೊಟ್ಟಿದ್ದೆ ಎನ್ನಿ. ಆಗ ಎಲ್ಲ ತೀರುತ್ತಿತ್ತೇ? ಇಲ್ಲವೆಂದೇ ನನಗೆ ತೋರುತ್ತದೆ. ಕಾಣದ ಊರಿನ ಒಬ್ಬಳು ಹೆಂಗಸು ತನ್ನ ಆಯುಷ್ಯದ ಕೆಲವು ಸಂಜೆಗಳನ್ನು ಆ ನೂಲಿನಲ್ಲಿ ಸುತ್ತಿ ಕಳಿಸಿದ್ದಾಳೆ. ಅವಳು ಆ ಸಂಜೆಗಳನ್ನು ಕೊಟ್ಟದ್ದು ದುಡ್ಡಿಗೇ, ನಿಜ. ಆದರೆ ಯಾರಿಗಾದರೂ ಬೆಚ್ಚಗಾಗಲಿ ಎಂದೇ ಆ ವಸ್ತು ಹುಟ್ಟಿದ್ದು. ಬೆಲೆಯಲ್ಲಿ ಒಂದು ಪಾಲನ್ನು ಕೈಯಿಂದ ಕೊಡುತ್ತೇವೆ. ಇನ್ನೊಂದು ಪಾಲು, ಅದನ್ನು ಅದರ ಕೆಲಸಕ್ಕೆ ಹಚ್ಚಿ ಕಾಪಾಡಿಕೊಳ್ಳುವುದು. ಮುದುಕರು ಬಾಕಿ ನಿಮ್ಮ ಕೈಲಿದೆ ಎಂದದ್ದು ಎಂಬತ್ತು ರೂಪಾಯಿಯ ಮಾತಲ್ಲವೆಂದು ನನಗೆ ತಿಳಿಯಲು ಹದಿನೆಂಟು ವರ್ಷ ಬೇಕಾಯಿತು.

ಆದರೆ ನಾನು ಕಾಪಾಡಲಿಲ್ಲವೇ? ಹೊಸ ಗಂಟು, ನುಸಿಗುಳಿಗೆ, ಟ್ರಂಕು, ಬೀಗ! ಇಲ್ಲಿಯೇ ನನ್ನ ತಪ್ಪಿನ ಬೇರು ಇದ್ದದ್ದು. ನಮ್ಮಲ್ಲಿ ಅನೇಕರಿಗೆ ಜೋಪಾನ ಎಂದರೆ ಬಚ್ಚಿಡುವುದು. ಚನ್ನಪಟ್ಟಣದ ಗೊಂಬೆಯನ್ನೇ ನೋಡಿ. ಆಲೆಮರವನ್ನು ಕಡೆದು, ಮಗು ಬಾಯಿಗಿಟ್ಟರೂ ಕೇಡಾಗದಂತೆ ಅರಗಿನ ಬಣ್ಣ ಹಿಡಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ತಂದಿರುತ್ತಾರೆ. ನಾವು ಅದನ್ನು ತಂದು ಷೋಕೇಸಿನಲ್ಲಿಟ್ಟು ಗಾಜು ಎಳೆದು, "ಮುಟ್ಟಬೇಡ, ಬೀಳಿಸ್ತೀಯ" ಎಂದು ಮಗುವಿಗೇ ಗದರುತ್ತೇವೆ. ಕೈಯಾಡದ ಗೊಂಬೆ, ಗೊಂಬೆ ಸಿಗದ ಕೈ.

ಕನಕದಾಸರ ರಾಮಧಾನ್ಯ ಚರಿತೆ ನೆನಪಾಗುತ್ತದೆ. ಭತ್ತಕ್ಕೂ ರಾಗಿಗೂ ಹೆಚ್ಚುಗಾರಿಕೆಯ ಜಗಳ ಬಂದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಕುಂದುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಮಾಗಡಿ, ಕನಕಪುರದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟ ರಾಗಿಯನ್ನು ಉಂಡವರು ನಾವು. ಸೆರೆಯಲ್ಲಿಟ್ಟರೂ ಕೆಡದ್ದು ಲೋಕದಲ್ಲಿ ಕೆಲವೇ. ಕಂಬಳಿ ಆ ಜಾತಿಯದಲ್ಲ. ನಮ್ಮ ಊರಿನ ರೇಷ್ಮೆಯೂ ಅಲ್ಲ. ಅದಕ್ಕೇ ರೇಷ್ಮೆ ಸೀರೆಯನ್ನು ಆಗಾಗ ಹೊರತೆಗೆದು ಗಾಳಿಗೆ ಹಾಕಿ ಮಡಿಕೆ ಬದಲಿಸುತ್ತೇವೆ. ರೇಷ್ಮೆಗೆ ಆ ಗೌರವ ಕೊಟ್ಟ ನಾನು ಉಣ್ಣೆಗೆ ಕೊಡಲಿಲ್ಲ.

ವಸ್ತುಗಳ ಬಗ್ಗೆ ಇಷ್ಟು ಯೋಚಿಸುವುದೇ ಮೋಹವಲ್ಲವೇ, ಮೋಹ ಬಿಡಿ ಎಂದೇ ನಮ್ಮ ಶರಣರು ದಾಸರು ಹೇಳಿದ್ದಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಟ್ರಂಕಿನಲ್ಲಿಟ್ಟದ್ದು ಮೋಹ. ನನ್ನದು, ಮಾಸಬಾರದು, ಸವೆಯಬಾರದು, ಯಾರ ಮೈಗೂ ತಾಗಬಾರದು. ಅತ್ತೆ ಅರವತ್ತು ವರ್ಷ ಮಾಡಿದ್ದು ಜೋಪಾನ. ಅವರು ಅದನ್ನು ಎಲ್ಲರಿಗೂ ಹಾಸಿದರು, ಮಾಸಿದಾಗ ತೊಳೆದರು, ಹರಿದಾಗ ಹೊಲಿದರು. ಸವೆಯುವುದು ಬೇರೆ, ಕೆಡುವುದು ಬೇರೆ. ಸವೆದ ಕಂಬಳಿ ಎಷ್ಟೋ ಜನರ ಚಳಿ ಕಳೆದು ಸವೆದಿರುತ್ತದೆ. ಕೆಟ್ಟ ಕಂಬಳಿ ಒಬ್ಬರಿಗೂ ಒದಗದೆ ಹೋಗಿರುತ್ತದೆ. ನನ್ನ ಕಂಬಳಿ ಒದಗಬಹುದಾಗಿದ್ದ ಒಬ್ಬರು ಪಕ್ಕದ ಕೋಣೆಯಲ್ಲೇ ಇದ್ದರು. ಬಾಯಿಬಿಟ್ಟು ಕೇಳಿಯೂ ಇದ್ದರು. ಮುಂದೆಂದೋ ಬರುವ ಶುಭದಿನದ ಹೆಸರಿನಲ್ಲಿ ಆ ದಿನದ ಚಳಿಯನ್ನು ನಾನು ಕಾಣದೆ ಹೋದೆ. ನೇಕಾರನ ಬಾಕಿಗಿಂತ ಈ ಬಾಕಿ ದೊಡ್ಡದು, ಇದನ್ನು ತೀರಿಸಿಕೊಳ್ಳುವವರು ಈಗ ಇಲ್ಲ.

ಅತ್ತೆ ಕಂಬಳಿಯನ್ನು ನೋಡಿಕೊಳ್ಳುತ್ತಿದ್ದ ರೀತಿಯನ್ನು ಇಲ್ಲಿ ಬರೆದಿಡುತ್ತೇನೆ. ಅವರು ಬದುಕಿದ್ದಾಗ ಇದೊಂದು ವಿದ್ಯೆ ಎಂದು ನನಗೆ ತೋರಿರಲಿಲ್ಲ. ವಾರಕ್ಕೊಮ್ಮೆ ಹಿತ್ತಲಿನ ತಂತಿಯ ಮೇಲೆ ಹಾಕಿ ಕೋಲಿನಿಂದ ಮೆಲ್ಲಗೆ ಬಡಿದು ಧೂಳು ಉದುರಿಸುವರು. ಹುಳುವಿನ ಮೊಟ್ಟೆ ಇದ್ದರೆ ಅದೂ ಉದುರುತ್ತದೆ. ಬೆಳಗಿನ ಬಿಸಿಲಿಗೆ ಹಾಕಿ, ಬಿಸಿಲು ಕಾಯುವ ಮೊದಲು ತೆಗೆಯುವರು. ಎಣ್ಣೆ, ಹಾಲು ಚೆಲ್ಲಿದರೆ ಆಗಿಂದಾಗಲೇ ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯುವರು, ಉಜ್ಜುತ್ತಿರಲಿಲ್ಲ. ಅನ್ನದ ಜಿಡ್ಡು, ಬೆವರು ಹತ್ತಿದ ಜಾಗವನ್ನೇ ಹುಳು ಮೊದಲು ಹುಡುಕುವುದು. ವರ್ಷಕ್ಕೆ ಒಂದೇ ಒಗೆತ, ಅದೂ ತಣ್ಣೀರಿನಲ್ಲಿ, ಅಂಟುವಾಳದ ನೊರೆಯಲ್ಲಿ. ವಾಷಿಂಗ್ ಸೋಡಾ ಕೂಡದು, ಬಿಸಿನೀರು ಕೂಡದು. ಬಿಸಿನೀರಲ್ಲಿ ತಿಕ್ಕಿದರೆ ಉಣ್ಣೆ ಹೆಣೆದುಕೊಂಡು ಕುಗ್ಗುತ್ತದೆ. ಹಿಂಡಬಾರದು. ಉಣ್ಣೆ ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಕೈಗೆ ಒದ್ದೆ ಎನಿಸುವುದಿಲ್ಲ. ಅದಕ್ಕೇ ಮೇಲೆ ಒಣಗಿದೆಯೆಂದು ನಂಬಿ ಮಡಿಸಬಾರದು. ಚಪ್ಪಟೆಯಾಗಿ ಹರಡಿ ಇನ್ನೊಂದು ದಿನ ನೆರಳಿನಲ್ಲಿ ಬಿಡಬೇಕು. ಎತ್ತಿಡಲೇಬೇಕಾದರೆ ತೊಳೆದು, ಪೂರ್ತಿ ಒಣಗಿಸಿ, ಬೇವಿನ ಸೊಪ್ಪು ಹಾಕಿ ಎತ್ತಿಡಬೇಕು, ತಿಂಗಳಿಗೊಮ್ಮೆ ಬಿಚ್ಚಿ ನೋಡಬೇಕು. "ನೆಂಟರನ್ನ ಮಾತಾಡಿಸ್ದಂಗೆ ಮಾತಾಡಿಸ್ತಿರ್ಬೇಕು ಕಣವ್ವ" ಎನ್ನುತ್ತಿದ್ದರು.

ಈಗ ಮನೆಮನೆಯಲ್ಲೂ ಕಾರ್ಖಾನೆಯ ನುಣುಪು ಹೊದಿಕೆಗಳಿವೆ. ಅಗ್ಗ, ಹಗುರ, ಅವನ್ನು ಕೊಳ್ಳುವವರನ್ನು ನಾನು ಹಳಿಯುವುದಿಲ್ಲ. ಕುರಿ ಸೀಮೆಯಲ್ಲಿ ಈಗ ಉಣ್ಣೆಗೆ ಗಿರಾಕಿಯಿಲ್ಲದೆ ಕತ್ತರಿಸಿ ಎಸೆಯುವುದೂ ಉಂಟಂತೆ. ಹಾಗಾಗಿ ಕಂಬಳಿ ಹೊರೆ ಹೊತ್ತವರು ನಮ್ಮ ಬೀದಿಗೆ ಬರುವುದೇ ಅಪರೂಪ. ಮೂರು ವರ್ಷದ ಹಿಂದೆ ಒಬ್ಬರು ಬಂದಿದ್ದರು. ಕೇಳಿದಷ್ಟು ಕೊಟ್ಟು ಒಂದು ಹಾಸುಗಂಬಳಿ ತೆಗೆದುಕೊಂಡೆ. ಇದನ್ನು ದೊಡ್ಡತನಕ್ಕೆ ಹೇಳುತ್ತಿಲ್ಲ. ಚೌಕಾಶಿ ಮಾಡದೆ ಕೊಳ್ಳುವುದು ಸುಲಭ, ಪರ್ಸು ಬಿಚ್ಚಿದರೆ ಮುಗಿಯಿತು. ಆಮೇಲಿನ ದಿನಗಳೇ ಕಷ್ಟ.

ಮೊನ್ನೆ ಮಗಳು ಬಂದಿದ್ದಳು. ಹಜಾರದಲ್ಲಿ ಹಾಸಿದ ಆ ಕಂಬಳಿಯ ಮೇಲೆ ಮೊಮ್ಮಗ ಒಂದು ಲೋಟ ಹಾಲು ಚೆಲ್ಲಿದ. ಮಗಳು ಕೈಯೆತ್ತಿಕೊಂಡು ಬಂದಳು. "ಬಿಡೇ, ಅದು ಇರೋದೇ ಅದಕ್ಕೆ" ಎಂದು ಒದ್ದೆ ಬಟ್ಟೆ ತರಲು ಎದ್ದೆ. ಅವನು ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತು, ತನ್ನ ಪುಟ್ಟ ಅಂಗೈಯಿಂದ ಒತ್ತತೊಡಗಿದ. "ಉಜ್ಜಬೇಡ ಮಗ, ಒತ್ತು" ಎಂದು ಹೇಳಿಕೊಟ್ಟೆ.